ಲೆನ್ಸ್ ಮುಂದೆ ಯಾವ ಗಾಜು? ಕ್ಯಾಮೆರಾ ಫಿಲ್ಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಕ್ಯಾಮೆರಾ ಹಿಡಿದು ಓಡಾಡುವವರಿಗಾಗಿ ಬರೆದದ್ದಿದು. ಹಾಗಾಗಿ ಉದಾಹರಣೆಗಳೆಲ್ಲ ಇಲ್ಲಿಯ ಬಿಸಿಲು, ಇಲ್ಲಿಯ ಕೆರೆ, ಇಲ್ಲಿಯ ಧೂಳಿನವೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನವರಿಗೆ ಎರಡು ಫಿಲ್ಟರ್ ಸಾಕು. ಒಂದು ಹೊಳಪು ತಡೆಯುವ ಪೋಲರೈಸರ್, ಇನ್ನೊಂದು ಬೆಳಕು ಕಡಿಮೆ ಮಾಡುವ ಎನ್‌ಡಿ. ಉಳಿದವುಗಳ ಬಗ್ಗೆಯೂ ಕೇಳುತ್ತಾರೆ, ಅದಕ್ಕೂ ಉತ್ತರ ಇದೆ.

ಫೋಟೊ ತೆಗೆದ ಮೇಲೆ ಕಂಪ್ಯೂಟರಿನಲ್ಲೇ ಎಲ್ಲ ಸರಿಮಾಡಬಹುದಲ್ಲ, ಮತ್ತೆ ಫಿಲ್ಟರ್ ಯಾಕೆ?

ಎಲ್ಲ ಆಗಲ್ಲ. ಬಣ್ಣ ಬದಲಾಯಿಸುವುದು, ಆಕಾಶ ಸ್ವಲ್ಪ ಕಪ್ಪು ಮಾಡುವುದು, ಕಪ್ಪು-ಬಿಳುಪು ಮಾಡುವುದು, ಇವೆಲ್ಲ ಈಗ ಸಾಫ್ಟ್‌ವೇರ್ ಕೆಲಸ. ಆದರೆ ಎಲೆಯ ಮೇಲೆ ಬಿಳಿ ಹೊಳಪು ಬಿದ್ದು ಹಸಿರೇ ಕಾಣದಿದ್ದರೆ, ಆ ಹಸಿರು ಫೈಲಿನಲ್ಲಿ ಇರುವುದೇ ಇಲ್ಲ. ಇಲ್ಲದ್ದನ್ನು ಎಲ್ಲಿಂದ ತರುತ್ತೀರಿ? ಹಾಗೆಯೇ, ಎಂಟು ಸೆಕೆಂಡ್ ಹರಿದ ನೀರು ಬೇಕು ಅಂದರೆ ಶಟರ್ ಎಂಟು ಸೆಕೆಂಡ್ ತೆರೆದೇ ಇರಬೇಕು. ತುಂಬಾ ಫೋಟೊ ತೆಗೆದು ಒಂದರ ಮೇಲೊಂದು ಸೇರಿಸಿ ಹತ್ತಿರ ಹತ್ತಿರ ಬರಬಹುದು, ಆದರೆ ಅದು ದೊಡ್ಡ ಉಸಾಬರಿ. ಆಮೇಲೆ ಮಾಡಲಾಗದ ಕೆಲಸಕ್ಕೆ ಮಾತ್ರ ಫಿಲ್ಟರ್ ಕೊಳ್ಳಿ. ನನ್ನ ಲೆಕ್ಕ ಅಷ್ಟೇ.

ಯುವಿ ಫಿಲ್ಟರ್ ಬೇಕೇ ಬೇಕು ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಹೌದಾ?

ಫಿಲ್ಮ್ ಕಾಲದಲ್ಲಿ ಬೇಕಿತ್ತು. ಫಿಲ್ಮ್‌ಗೆ ಅತಿನೇರಳೆ ಕಿರಣ ತಾಗುತ್ತಿತ್ತು, ದೂರದ ಬೆಟ್ಟ ಮಸುಕಾಗಿ ನೀಲಿಯಾಗಿ ಬರುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಸೆನ್ಸರ್ ಮುಂದೆಯೇ ಅದನ್ನು ತಡೆಯುವ ಗಾಜು ಇರುತ್ತದೆ. ಹಾಗಾಗಿ ಯುವಿ ಫಿಲ್ಟರ್ ಹಾಕಿದರೂ ಹಾಕದಿದ್ದರೂ ಫೋಟೊದಲ್ಲಿ ವ್ಯತ್ಯಾಸ ಕಾಣಲ್ಲ. ಕಂಡರೆ ಕೆಟ್ಟದ್ದೇ ಕಾಣುತ್ತದೆ.

ಲೆನ್ಸ್ ಕಾಪಾಡೋಕಾದರೂ ಹಾಕಬಾರದಾ?

ಹಾಕಬಹುದು, ಎಲ್ಲಿ ಅಂತ ನೋಡಿಕೊಂಡು. ಹೋಳಿಯ ಬಣ್ಣದ ಪುಡಿ, ಸಮುದ್ರದ ಉಪ್ಪುನೀರು, ಮೆಟ್ರೊ ಕೆಲಸ ನಡೆಯುವ ರಸ್ತೆಯ ಸಿಮೆಂಟ್ ಧೂಳು, ಕೈಗೆ ಸಿಕ್ಕಿದ್ದನ್ನೆಲ್ಲ ಮುಟ್ಟುವ ಮಗು, ಇಂಥ ಕಡೆ ಒಂದು ಒಳ್ಳೆಯ ಫಿಲ್ಟರ್ ಇದ್ದರೆ ನಿಶ್ಚಿಂತೆ. ಮಳೆ-ಧೂಳು ತಡೆಯುವ ಕೆಲವು ದುಬಾರಿ ಲೆನ್ಸ್‌ಗಳಲ್ಲಿ ಮುಂದೆ ಫಿಲ್ಟರ್ ಹಾಕಿದರೆ ಮಾತ್ರ ಸೀಲ್ ಪೂರ್ತಿಯಾಗುತ್ತದೆ. ನಿಮ್ಮ ಲೆನ್ಸಿನ ಕೈಪಿಡಿ ನೋಡಿ.

ಕೆಳಗೆ ಬಿದ್ದಾಗ ಕಾಪಾಡುತ್ತದೆ ಅನ್ನೋದನ್ನು ಮಾತ್ರ ಪೂರ್ತಿ ನಂಬಬೇಡಿ. ಫಿಲ್ಟರ್ ಗಾಜು ತೆಳು, ಲೆನ್ಸಿನ ಮುಂದಿನ ಗಾಜು ದಪ್ಪ. ಸಣ್ಣ ಪೆಟ್ಟಿಗೂ ಫಿಲ್ಟರ್ ಒಡೆಯುತ್ತದೆ, ಒಡೆದ ಚೂರು ಲೆನ್ಸನ್ನೇ ಗೀರಬಹುದು. ಬೀಳುವಾಗ ಪೆಟ್ಟು ತಿನ್ನಲು ಹುಡ್, ಅಂದರೆ ಲೆನ್ಸ್ ಮುಂದೆ ಸಿಕ್ಕಿಸುವ ಬಿಸಿಲುಮರೆ, ವಾಸಿ. ದುಡ್ಡೂ ಕಡಿಮೆ, ಫೋಟೊವೂ ಕೆಡಲ್ಲ.

ಹಕ್ಕಿ ಫೋಟೊ ತೆಗೆಯುವವರು ಇನ್ನೂ ಹುಷಾರಾಗಿರಬೇಕು. ಹೆಸರಘಟ್ಟಕ್ಕೋ ರಂಗನತಿಟ್ಟಿಗೋ 150-600 ಲೆನ್ಸ್ ಹೊತ್ತು ಹೋಗಿ, ಅದರ ಮುಂದೆ ಅಗ್ಗದ ಯುವಿ ಹಾಕಿದರೆ 600 ಎಂಎಂನಲ್ಲಿ ಗರಿಯ ಸೂಕ್ಷ್ಮವೆಲ್ಲ ಮೆತ್ತಗಾಗುತ್ತದೆ. ಲೆನ್ಸ್ ಸರಿಯಿಲ್ಲ ಅಂತ ರಿಪೇರಿಗೆ ಕೊಡುವ ಮುಂಚೆ ಆ ಗಾಜನ್ನು ಬಿಚ್ಚಿ ಒಂದು ಸಲ ನೋಡಿ.

ನನ್ನ ಲೆನ್ಸಿಗೆ ಯಾವ ಸೈಜ್?

ಲೆನ್ಸಿನ ಮುಂದಿನ ಅಂಚಿನಲ್ಲಿ, ಅಡ್ಡಗೆರೆ ಎಳೆದ ಸೊನ್ನೆಯ ಪಕ್ಕ ಒಂದು ಅಂಕಿ ಇರುತ್ತದೆ. ಕ್ಯಾಪ್‌ನ ಒಳಗಡೆಯೂ ಸಾಮಾನ್ಯವಾಗಿ ಇರುತ್ತದೆ. 49, 52, 55, 58, 67, 72, 77, 82 ಹೀಗೆ ಎಂಎಂ ಲೆಕ್ಕ. ಅದನ್ನು, ಲೆನ್ಸ್ ಎಷ್ಟು ಹತ್ತಿರ ಎಳೆದು ತೋರಿಸುತ್ತದೆ ಅಂತ ಹೇಳುವ ಫೋಕಲ್ ಲೆಂತ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. 50 ಎಂಎಂ ಲೆನ್ಸಿಗೆ 50ರ ಫಿಲ್ಟರ್ ಕೊಡಿ ಅಂತ ಕೇಳುವವರು ಈಗಲೂ ಇದ್ದಾರೆ.

ಎರಡು ಮೂರು ಲೆನ್ಸ್ ಇದ್ದರೆ ಎಲ್ಲಕ್ಕೂ ಬೇರೆ ಬೇರೆ ಕೊಳ್ಳಬೇಡಿ. ದೊಡ್ಡ ಲೆನ್ಸಿನ ಸೈಜಿಗೆ ಒಂದೇ ಒಳ್ಳೆಯ ಫಿಲ್ಟರ್ ತೆಗೆದುಕೊಂಡು, ಚಿಕ್ಕ ಲೆನ್ಸ್‌ಗಳಿಗೆ ದೊಡ್ಡ ಫಿಲ್ಟರ್ ಕೂರಿಸುವ ಸ್ಟೆಪ್-ಅಪ್ ರಿಂಗ್ ಹಾಕಿ. ರಿಂಗ್ ಬೆಲೆ ಫಿಲ್ಟರ್ ಮುಂದೆ ಏನೂ ಅಲ್ಲ. ತೊಂದರೆ ಒಂದೇ, ಆ ಲೆನ್ಸಿನ ಹುಡ್ ಕೂರುವುದಿಲ್ಲ.

ಪೋಲರೈಸರ್ ನಿಜವಾಗಿ ಏನು ಮಾಡುತ್ತದೆ?

ಬೆಳಕಿನ ಅಲೆ ಎಲ್ಲ ದಿಕ್ಕಿಗೂ ಅಲುಗಾಡುತ್ತಾ ಬರುತ್ತದೆ. ನೀರು, ಎಲೆ, ಗಾಜು, ಬಣ್ಣ ಹಚ್ಚಿದ ಗೋಡೆ ಇವುಗಳ ಮೇಲೆ ಓರೆಯಾಗಿ ಬಿದ್ದು ಚಿಮ್ಮಿದ ಬೆಳಕು ಮಾತ್ರ ಹೆಚ್ಚಾಗಿ ಒಂದೇ ದಿಕ್ಕಿಗೆ ಅಲುಗಾಡುತ್ತದೆ. ಪೋಲರೈಸರ್ ಒಂದು ದಿಕ್ಕಿನ ಅಲೆಯನ್ನು ಬಿಟ್ಟು ಇನ್ನೊಂದನ್ನು ತಡೆಯುತ್ತದೆ. ಮುಂದಿನ ರಿಂಗ್ ತಿರುಗಿಸಿದಂತೆ ಯಾವುದನ್ನು ತಡೆಯಬೇಕು ಅಂತ ನೀವೇ ಆರಿಸುತ್ತೀರಿ.

ಓದಿದರೆ ಅರ್ಥ ಆಗದಿದ್ದರೆ ಬೆಳಗ್ಗೆ ಲಾಲ್‌ಬಾಗ್ ಕೆರೆ ದಂಡೆಗೆ ಹೋಗಿ. ದಂಡೆಯ ಹತ್ತಿರದ ನೀರಿಗೆ ಕ್ಯಾಮೆರಾ ಓರೆ ಮಾಡಿ ಹಿಡಿದು, ಕಣ್ಣಿಟ್ಟುಕೊಂಡೇ ರಿಂಗ್ ನಿಧಾನಕ್ಕೆ ತಿರುಗಿಸಿ. ಮೊದಲು ನೀರಿನ ತುಂಬಾ ಬಿಳಿ ಆಕಾಶ ಇರುತ್ತದೆ. ತಿರುಗಿಸುತ್ತಾ ಹೋದಂತೆ ಆ ಬಿಳುಪು ಕರಗುತ್ತಾ ಬರುತ್ತದೆ. ನೀರೊಳಗೆ ಬಾಗಿದ ಕಲ್ಲು, ಹಸಿರು ಪಾಚಿ, ಅದೃಷ್ಟ ಇದ್ದರೆ ಒಂದು ಮೀನು ಕಾಣುತ್ತದೆ. ಇನ್ನೂ ತಿರುಗಿಸಿದರೆ ಆಕಾಶ ಮತ್ತೆ ನೀರಿಗೆ ಬಂದು ಕೂರುತ್ತದೆ. ಅರ್ಧ ಸುತ್ತಿನಲ್ಲಿ ಈ ಆಟ ಮುಗಿಯುತ್ತದೆ.

ಇದಕ್ಕೆ ಬೆಲೆ ತೆರಬೇಕು. ಒಂದರಿಂದ ಎರಡು ಸ್ಟಾಪ್ ಬೆಳಕು ಹೋಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು). ಮರದ ನೆರಳಲ್ಲಿ ಕೈಯಲ್ಲೇ ಹಿಡಿದು ತೆಗೆಯುವಾಗ, ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ ಅಂದರೆ ಐಎಸ್‌ಒ ಏರಿಸಬೇಕಾದೀತು.

ಆಕಾಶ ಒಮ್ಮೆ ಗಾಢ ನೀಲಿ ಬರುತ್ತದೆ, ಒಮ್ಮೆ ಏನೂ ಆಗಲ್ಲ. ಫಿಲ್ಟರ್ ಕೆಟ್ಟಿದೆಯಾ?

ಕೆಟ್ಟಿಲ್ಲ, ನೀವು ನಿಂತ ದಿಕ್ಕು ಬೇರೆ. ಸೂರ್ಯನಿಗೆ 90 ಡಿಗ್ರಿಯಲ್ಲಿರುವ ಆಕಾಶದಲ್ಲಿ ಇದರ ಪರಿಣಾಮ ಅತಿ ಹೆಚ್ಚು. ಸೂರ್ಯನ ಕಡೆಗೆ ಅಥವಾ ಅದರ ಎದುರು ದಿಕ್ಕಿಗೆ ತಿರುಗಿದರೆ ಹೆಚ್ಚುಕಮ್ಮಿ ಏನೂ ಇಲ್ಲ. ತೋರುಬೆರಳನ್ನು ಸೂರ್ಯನ ಕಡೆ ಮಾಡಿ, ಹೆಬ್ಬೆರಳನ್ನು ನೆಟ್ಟಗೆ ಅಡ್ಡ ಚಾಚಿ, ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ತೋರಿಸಿದ ಕಡೆಯೆಲ್ಲ ಒಳ್ಳೆಯ ಜಾಗ. ಬೆಳಗ್ಗೆ ಮತ್ತು ಸಂಜೆ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿದರೆ ಸಾಕು. ನೀಲಿ ಆಕಾಶದ ಮುಂದೆ ಗುಲಾಬಿ ಟಬೂಬಿಯಾ ಹೂ ಬೇಕು ಅನ್ನುವವರು ರಸ್ತೆಯ ಯಾವ ಬದಿಗೆ ನಿಲ್ಲಬೇಕು ಅನ್ನೋದನ್ನು ಇದರಿಂದಲೇ ಲೆಕ್ಕ ಹಾಕಬಹುದು.

ನಮ್ಮೂರಿಗೆ ಒಂದು ವಿಶೇಷ ಇದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತಾರಲ್ಲ, ಅದೇ. ಆಗ 90 ಡಿಗ್ರಿ ಅಂದರೆ ಸುತ್ತಲೂ ದಿಗಂತವೇ. ಯಾವ ಕಡೆ ತಿರುಗಿದರೂ ಕೆಳಗಿನ ಆಕಾಶ ಗಾಢವಾಗುತ್ತದೆ. ಆದರೆ ಆ ಹೊತ್ತಿನ ಬಿಸಿಲಲ್ಲಿ ಯಾರ ಮುಖದ ಫೋಟೊವನ್ನೂ ತೆಗೆಯಬೇಡಿ, ಕಣ್ಣಿನ ಜಾಗದಲ್ಲಿ ಗುಂಡಿ ಬರುತ್ತದೆ.

ಇನ್ನೊಂದು ಕಾರಣ ಧೂಳು. ಜನವರಿಯಲ್ಲಿ, ಅಥವಾ ಮಳೆ ಹೊಯ್ದು ಬಿಟ್ಟ ಮಾರನೆಯ ದಿನ ಆಕಾಶ ತೊಳೆದಂತಿರುತ್ತದೆ, ಫಿಲ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಬೇಸಿಗೆಯ ಬಿಳಿಚಿದ ಆಕಾಶಕ್ಕೆ ಯಾವ ಪೋಲರೈಸರೂ ನೀಲಿ ಬಳಿಯಲಾರದು.

ಮೋಡದ ದಿನ ಪೋಲರೈಸರ್ ತೆಗೆದಿಡಬೇಕಲ್ವಾ?

ಇಲ್ಲವೇ ಇಲ್ಲ. ನನ್ನ ಕೇಳಿದರೆ ಅದರ ನಿಜವಾದ ಕೆಲಸ ಆವತ್ತೇ. ಮಳೆ ನಿಂತ ಮೇಲೆ ಕಬ್ಬನ್ ಪಾರ್ಕಿನೊಳಗೆ ಹೋಗಿ ನೋಡಿ. ಒದ್ದೆ ಎಲೆಗಳ ಮೇಲೆಲ್ಲ ಬಿಳಿ ಆಕಾಶ ಅಂಟಿಕೊಂಡು ಹಸಿರು ಬೂದಿ ಬಳಿದಂತೆ ಕಾಣುತ್ತದೆ. ರಿಂಗ್ ತಿರುಗಿಸಿ. ಎಲೆಯ ಹಸಿರು, ಒದ್ದೆ ತೊಗಟೆಯ ಕಪ್ಪು, ಕೆಂಪು ಹೈಕೋರ್ಟ್ ಕಟ್ಟಡದ ಬಣ್ಣ ಎಲ್ಲ ಒಂದೇ ಸಲ ಮೇಲೆ ಬರುತ್ತವೆ. ಎಡಿಟಿಂಗ್‌ನಲ್ಲಿ ಬಣ್ಣ ಎಷ್ಟು ಎಳೆದರೂ ಇದು ಸಿಗಲ್ಲ.

ಹಾಗಂತ ಯಾವಾಗಲೂ ಪೂರ್ತಿ ತಿರುಗಿಸಬೇಕಿಲ್ಲ. ಒದ್ದೆ ರಸ್ತೆಯ ಮೇಲಿನ ಹೊಳಪೇ ಚಿತ್ರದ ಜೀವ ಆಗಿದ್ದರೆ ಅದನ್ನು ಅಳಿಸಿ ಏನು ಸಿಗುತ್ತದೆ? ಅರ್ಧಕ್ಕೆ ನಿಲ್ಲಿಸಿ. ಕಾಮನಬಿಲ್ಲು ತೆಗೆಯುವಾಗಲೂ ನೋಡಿಕೊಂಡು ತಿರುಗಿಸಿ: ಒಂದು ಕಡೆ ಬಿಲ್ಲು ಎದ್ದು ಕಾಣುತ್ತದೆ, ಇನ್ನೊಂದು ಕಡೆ ಮಾಯವಾಗುತ್ತದೆ.

ಅಂಗಡಿಯ ಗಾಜು, ಕಾರಿನ ಗಾಜಿನ ಪ್ರತಿಬಿಂಬ ತೆಗೆಯಬಹುದಾ?

ಗಾಜಿಗೆ ನೇರ ಎದುರು ನಿಂತರೆ ಆಗಲ್ಲ. ಪಕ್ಕಕ್ಕೆ ಸರಿದು, ಗಾಜಿನ ಮೈಗೆ ಸುಮಾರು 35 ಡಿಗ್ರಿ ಓರೆಯಾಗಿ ನೋಡಿದಾಗ ಪ್ರತಿಬಿಂಬ ಹೆಚ್ಚು ಕಡಿಮೆ ಪೂರ್ತಿ ಹೋಗುತ್ತದೆ. ಲೋಹದ ಹೊಳಪು ಮಾತ್ರ ಹೋಗಲ್ಲ. ಮದುವೆಯಲ್ಲಿ ಒಡವೆಯ ಮಿಂಚು ತೆಗೆಯಲು ಇದನ್ನು ಹಾಕಿ ಪ್ರಯೋಜನವಿಲ್ಲ. ಬೆವರಿದ ಹಣೆಯ ಮಿರುಗು ಕಡಿಮೆಯಾಗುತ್ತದೆ, ಅದು ಲಾಭ.

ಕಾರಿನ ಪಕ್ಕದ, ಹಿಂದಿನ ಗಾಜುಗಳಲ್ಲಿ ಕಲೆ ಕಲೆ ಕಂಡರೆ ಗಾಬರಿ ಬೇಡ. ಆ ಗಾಜನ್ನು ಗಟ್ಟಿ ಮಾಡುವಾಗ ಒಳಗೆ ಉಳಿದ ಬಿಗಿತ ಪೋಲರೈಸರ್‌ನಲ್ಲಿ ಕಾಣುತ್ತದೆ. ವಿಮಾನದ ಕಿಟಕಿಯಲ್ಲೂ ಹಾಗೇ, ಕಾಮನಬಿಲ್ಲಿನ ಬಣ್ಣ ಬರುತ್ತದೆ. ದೇವನಹಳ್ಳಿಯಿಂದ ವಿಮಾನ ಏರುವ ಮುಂಚೆ ಪೋಲರೈಸರ್ ಬಿಚ್ಚಿಡಿ.

ವೈಡ್ ಲೆನ್ಸಿನಲ್ಲಿ ಆಕಾಶದ ಮಧ್ಯೆ ಕಪ್ಪು ಪಟ್ಟಿ ಬರುತ್ತದಲ್ಲ?

ಬಂದೇ ಬರುತ್ತದೆ. ಅಗಲದ ಲೆನ್ಸ್ ಆಕಾಶದ ತುಂಬಾ ಭಾಗ ಹಿಡಿಯುತ್ತದೆ, ಅದರಲ್ಲಿ 90 ಡಿಗ್ರಿಯ ಪಟ್ಟಿ ಮಾತ್ರ ಗಾಢವಾಗುತ್ತದೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ನಲ್ಲಿ 24 ಎಂಎಂಗಿಂತ ಅಗಲ ಹೋದಾಗ ಆಕಾಶಕ್ಕೆ ಇದನ್ನು ಬಳಸದಿರುವುದೇ ಮೇಲು.

ಸರ್ಕ್ಯುಲರ್, ಲೀನಿಯರ್ ಅಂತ ಎರಡಿದೆ. ಯಾವುದು?

ಸರ್ಕ್ಯುಲರ್, ಅಂದರೆ ಸಿಪಿಎಲ್. ಕನ್ನಡಿ ಇರುವ ಡಿಎಸ್‌ಎಲ್‌ಆರ್‌ನಲ್ಲಿ ಲೀನಿಯರ್ ಹಾಕಿದರೆ ಫೋಕಸ್, ಮೀಟರಿಂಗ್ (ಬೆಳಕಿನ ಅಳತೆ) ತಪ್ಪಬಹುದು. ಮಿರರ್‌ಲೆಸ್‌ಗೆ ಈ ತೊಂದರೆ ಇಲ್ಲ, ಆದರೂ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಸಿಪಿಎಲ್ಲೇ.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಪರೀಕ್ಷೆ ಸುಲಭ. ಕನ್ನಡಿ ಮುಂದೆ ನಿಂತು, ಫಿಲ್ಟರನ್ನು ಕಣ್ಣಿಗೆ ಹಿಡಿಯಿರಿ. ಲೆನ್ಸಿಗೆ ತಿರುಗಿಸುವ ಥ್ರೆಡ್ ಇರುವ ಕಡೆ ಕನ್ನಡಿಯತ್ತ ಇರಲಿ. ಕನ್ನಡಿಯಲ್ಲಿ ಆ ಫಿಲ್ಟರ್ ಕಪ್ಪಗೆ ಕಂಡರೆ ಸರ್ಕ್ಯುಲರ್. ನಿಮ್ಮ ಕಣ್ಣು ಕಂಡರೆ ಅಲ್ಲ. ಇನ್ನೂ ಒಂದು ಅನುಮಾನ ಇದ್ದರೆ, ಅಂದರೆ ಇದು ಪೋಲರೈಸರೇ ಹೌದಾ ಅಂತ, ಅದರ ಮುಂಭಾಗವನ್ನು ಲ್ಯಾಪ್‌ಟಾಪ್ ಪರದೆಯ ಕಡೆ ಮಾಡಿ ತಿರುಗಿಸಿ. ಒಂದು ಕಡೆ ಪರದೆ ಕತ್ತಲಾಗಬೇಕು.

ಎನ್‌ಡಿ ಫಿಲ್ಟರ್‌ಗೆ 8, 64, 1000 ಅಂತೆಲ್ಲ ಬರೆದಿರುತ್ತದೆ. ಏನು ಲೆಕ್ಕ?

ಎನ್‌ಡಿ ಅಂದರೆ ಬರೀ ಕಪ್ಪು ಗಾಜು. ಬಣ್ಣ ಬದಲಿಸದೆ ಬೆಳಕು ಕಡಿಮೆ ಮಾಡುವುದಷ್ಟೇ ಅದರ ಕೆಲಸ. ಎನ್‌ಡಿ8 ಅಂದರೆ ಎಂಟರಲ್ಲಿ ಒಂದು ಪಾಲು ಬೆಳಕು, ಅಂದರೆ 3 ಸ್ಟಾಪ್. ಎನ್‌ಡಿ64ಕ್ಕೆ 6 ಸ್ಟಾಪ್, ಎನ್‌ಡಿ1000ಕ್ಕೆ 10. ಕೆಲವು ಕಂಪನಿಗಳು ಇವನ್ನೇ 0.9, 1.8, 3.0 ಅಂತ ಬರೆಯುತ್ತವೆ. 0.3ಕ್ಕೆ ಒಂದು ಸ್ಟಾಪ್ ಅಂತ ನೆನಪಿಟ್ಟುಕೊಳ್ಳಿ.

ಲೆಕ್ಕಕ್ಕೆ ಆ್ಯಪ್ ಬೇಕಿಲ್ಲ. ಫಿಲ್ಟರ್ ಇಲ್ಲದೆ ಶಟರ್ 1/125 ಸೆಕೆಂಡ್ ಬಂದಿದೆ ಅಂದುಕೊಳ್ಳಿ. ಹತ್ತು ಸಲ ದುಪ್ಪಟ್ಟು ಮಾಡುತ್ತಾ ಹೋಗಿ: 1/60, 1/30, 1/15, 1/8, 1/4, 1/2, 1, 2, 4, 8. ಎನ್‌ಡಿ1000ಕ್ಕೆ 8 ಸೆಕೆಂಡ್. ಎನ್‌ಡಿ64 ಆದರೆ ಆರನೆಯದಕ್ಕೆ ನಿಲ್ಲಿಸಿ, ಅರ್ಧ ಸೆಕೆಂಡ್.

ಒಂದೇ ಕೊಳ್ಳುವುದಾದರೆ ಎನ್‌ಡಿ64 ಕೊಳ್ಳಿ ಅನ್ನುತ್ತೇನೆ. ಮಳೆಗಾಲದಲ್ಲಿ ಶಿವನಸಮುದ್ರಕ್ಕೆ ಹೋಗಿ ಗಗನಚುಕ್ಕಿ ಎದುರು ನಿಂತಿದ್ದೀರಿ ಅಂತಿಟ್ಟುಕೊಳ್ಳಿ. ಅರ್ಧ ಸೆಕೆಂಡಿಗೆ ನೀರು ಎಳೆ ಎಳೆಯಾಗಿ, ಬಂಡೆಗೆ ಬಡಿದು ಚಿಮ್ಮುವುದು ತಿಳಿಯುವ ಹಾಗೆ ಬರುತ್ತದೆ. ಎಂಟು ಸೆಕೆಂಡ್ ಮಾಡಿದರೆ ಅಷ್ಟು ದೊಡ್ಡ ಜಲಪಾತ ಬಂಡೆ ಮೇಲೆ ಹಾಲು ಚೆಲ್ಲಿದ ಹಾಗೆ ಆಗುತ್ತದೆ. ಕೆಲವರಿಗೆ ಅದೇ ಇಷ್ಟ. ನನಗೆ ನೀರಿಗೆ ತೂಕ ಇರಬೇಕು. ಹಲಸೂರು ಕೆರೆಯಂಥ ನಿಂತ ನೀರಿಗೆ, ಓಡುವ ಮೋಡಕ್ಕೆ, ಸದಾ ಜನ ಓಡಾಡುವ ವಿಧಾನಸೌಧದ ಎದುರಿಗೆ ಎನ್‌ಡಿ1000 ಸರಿ. ಅರ್ಧ ನಿಮಿಷ ಶಟರ್ ತೆರೆದರೆ ನಡೆಯುವವರು ಅಳಿಸಿಹೋಗುತ್ತಾರೆ, ನಿಂತು ಸೆಲ್ಫಿ ತೆಗೆಯುವವರು ಉಳಿಯುತ್ತಾರೆ.

ಕಪ್ಪು ಗಾಜು ಹಾಕಿದ ಮೇಲೆ ಫೋಕಸ್ಸೇ ಆಗಲ್ಲ. ಏನು ಮಾಡೋದು?

ಮೊದಲು ಟ್ರೈಪಾಡ್ ಮೇಲಿಟ್ಟು ಫ್ರೇಮ್ ಮಾಡಿ, ಫೋಕಸ್ ಮಾಡಿ. ಆಮೇಲೆ ಫೋಕಸನ್ನು ಮ್ಯಾನುಯಲ್‌ಗೆ ಬದಲಿಸಿ. ನಂತರ ಫಿಲ್ಟರ್ ತಿರುಗಿಸಿ, ಫೋಕಸ್ ರಿಂಗ್ ಅಲುಗದ ಹಾಗೆ. ಡಿಎಸ್‌ಎಲ್‌ಆರ್ ಆದರೆ ಹಿಂದಿನ ವ್ಯೂಫೈಂಡರ್ ಮುಚ್ಚಿ, ಅಲ್ಲಿಂದಲೂ ಬೆಳಕು ಒಳಗೆ ನುಸುಳುತ್ತದೆ. ಎರಡು ಸೆಕೆಂಡ್ ಟೈಮರ್ ಹಾಕಿ. ಟ್ರೈಪಾಡ್ ಬಿಚ್ಚಿದ ಕೂಡಲೇ ಪಾರ್ಕುಗಳಲ್ಲಿ ಯಾರಾದರೂ ಬಂದು ಕೇಳುವುದುಂಟು, ಅನುಮತಿ ಮೊದಲೇ ವಿಚಾರಿಸಿ.

ಅಗ್ಗದ ಎನ್‌ಡಿಯಲ್ಲಿ ಫೋಟೊ ಕಂದು ಅಥವಾ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲ್‌ನಲ್ಲಿ ತೆಗೆದರೆ ಸ್ವಲ್ಪ ಮಟ್ಟಿಗೆ ಸರಿಮಾಡಬಹುದು.

ವಿಡಿಯೊಗೆ ವೇರಿಯಬಲ್ ಎನ್‌ಡಿ ಒಳ್ಳೆಯದಾ?

ವಿಡಿಯೊಗೆ ಹೌದು. ಸೆಕೆಂಡಿಗೆ 25 ಫ್ರೇಮ್‌ಗೆ ಶಟರ್ 1/50 ಇದ್ದರೆ ಚಲನೆ ಸಹಜವಾಗಿ ಕಾಣುತ್ತದೆ, ನಮ್ಮ 50 ಹರ್ಟ್ಸ್ ಕರೆಂಟಿನ ದೀಪಗಳೂ ಮಿಣುಕುವುದಿಲ್ಲ. ಹಗಲು ಬಿಸಿಲಲ್ಲಿ ಎನ್‌ಡಿ ಇಲ್ಲದೆ, ಲೆನ್ಸಿನ ಬೆಳಕಿನ ಕಿಂಡಿ ಅಂದರೆ ಅಪರ್ಚರ್ ತೆರೆದಿಟ್ಟು 1/50 ತರೋದು ಕಷ್ಟ. ಒಳಗೆ ಹೊರಗೆ ಓಡಾಡುವ ಮದುವೆ ವಿಡಿಯೊದವರಿಗೆ ತಿರುಗಿಸುವ ಎನ್‌ಡಿ ಅನುಕೂಲ. ಅದು ಎರಡು ಪೋಲರೈಸರ್ ಸೇರಿಸಿ ಮಾಡಿದ್ದು, ಹಾಗಾಗಿ ಅತಿ ಕಪ್ಪಿಗೆ ತಿರುಗಿಸಿದರೆ, ಅದರಲ್ಲೂ ವೈಡ್ ಲೆನ್ಸಿನಲ್ಲಿ, ಚಿತ್ರದ ಮೇಲೆ ದೊಡ್ಡ ಎಕ್ಸ್ ಗುರುತು ಬೀಳುತ್ತದೆ. ಸ್ಟಿಲ್ ಫೋಟೊಗೆ ಮಾಮೂಲಿ ಎನ್‌ಡಿಯೇ ಸಾಕು.

ನಂದಿ ಬೆಟ್ಟದ ಸೂರ್ಯೋದಯಕ್ಕೆ ಅರ್ಧ ಕಪ್ಪಿರುವ ಗ್ರಾಜುಯೇಟೆಡ್ ಫಿಲ್ಟರ್ ಬೇಕಾ?

ಮೊದಲು ಬೇಕಿತ್ತು. ಈಗ ಎರಡು ಮೂರು ಬೇರೆ ಬೇರೆ ಎಕ್ಸ್‌ಪೋಶರ್ ತೆಗೆದು ಸೇರಿಸಿದರೆ ಕೆಲಸ ಮುಗಿಯಿತು. ಅದೂ ಬೇಡ ಅಂದರೆ ಆಕಾಶಕ್ಕೆ ಎಕ್ಸ್‌ಪೋಸ್ ಮಾಡಿ, ರಾ ಫೈಲಿನಲ್ಲಿ ನೆರಳು ಮೇಲೆತ್ತಿ. ನಸುಕಿನಲ್ಲಿ ಆ ಜನಜಂಗುಳಿಯ ಮಧ್ಯೆ ಹೋಲ್ಡರ್, ಚೌಕ ಗಾಜು, ರಿಂಗ್ ಜೋಡಿಸುತ್ತಾ ಕೂತರೆ ಸೂರ್ಯ ಕಾಯುವುದಿಲ್ಲ. ಕ್ಯಾಮೆರಾದಲ್ಲೇ ಮುಗಿಸುವ ಖುಷಿ ಬೇಕು ಅನ್ನುವವರು ಸಾಫ್ಟ್ ಅಂಚಿನದನ್ನು ಕೊಳ್ಳಿ. ಬೆಟ್ಟದ ಸಾಲು ನೆಟ್ಟಗಿರುವುದಿಲ್ಲ, ಹಾರ್ಡ್ ಅಂಚು ಗೆರೆ ಎಳೆದಂತೆ ಎದ್ದು ಕಾಣುತ್ತದೆ. ಹಾರ್ಡ್ ಅಂಚು ಸಮುದ್ರಕ್ಕೆ ಸರಿ.

ರಾತ್ರಿ ಫೋಟೊದಲ್ಲಿ ಹಸಿರು ಚುಕ್ಕೆಗಳು ಯಾಕೆ?

ಫಿಲ್ಟರ್ ಬಿಚ್ಚಿ. ಸೆನ್ಸರಿಗೆ ಬಿದ್ದ ದೀಪದ ಬೆಳಕು ವಾಪಸ್ ಚಿಮ್ಮಿ, ಫಿಲ್ಟರಿನ ಚಪ್ಪಟೆ ಗಾಜಿಗೆ ಬಡಿದು ಮತ್ತೆ ಒಳಗೆ ಬರುತ್ತದೆ. ಮೇಲೆ ಎಡಕ್ಕೆ ದೀಪ ಇದ್ದರೆ ಕೆಳಗೆ ಬಲಕ್ಕೆ ಅದರ ಭೂತ. ದೀಪಾವಳಿ, ಕರಗ, ದೀಪ ಹಾಕಿದ ವಿಧಾನಸೌಧ ಇವಕ್ಕೆಲ್ಲ ಬರೀ ಲೆನ್ಸೇ ಸಾಕು.

ನಗರದ ಬೆಳಕು ತಡೆದು ನಕ್ಷತ್ರ ತೋರಿಸುವ ಫಿಲ್ಟರ್ ಇದೆಯಂತೆ?

ಇದೆ. ಸೋಡಿಯಂ ದೀಪದ ಹಳದಿಯನ್ನು, ಅಂದರೆ 589 ನ್ಯಾನೊಮೀಟರ್ ಸುತ್ತಮುತ್ತಲಿನ ಬೆಳಕನ್ನು ಅದು ತಡೆಯುತ್ತದೆ. ಈಗ ರಸ್ತೆಗಳಲ್ಲಿ ಎಲ್‌ಇಡಿ ಬಂದಿದೆ, ಅದು ಎಲ್ಲ ಬಣ್ಣವನ್ನೂ ಚೆಲ್ಲುತ್ತದೆ. ಆ ದುಡ್ಡನ್ನು ಊರಾಚೆ ಹೋಗುವ ಪೆಟ್ರೋಲಿಗೆ ಹಾಕಿ.

ಬ್ಲ್ಯಾಕ್ ಮಿಸ್ಟ್, ಸ್ಟಾರ್ ಫಿಲ್ಟರ್?

ಮಿಸ್ಟ್ ಹಾಕಿದರೆ ದೀಪದ ಸುತ್ತ ಮೆತ್ತನೆ ಪ್ರಭೆ ಬರುತ್ತದೆ, ಮುಖದ ಗೀರುಗಳು ಮೃದುವಾಗುತ್ತವೆ. ಕೊಳ್ಳುವುದಾದರೆ 1/8 ತೀವ್ರತೆಯದು ಸಾಕು, 1/4 ಬೇಗ ಬೇಸರ ಬರುತ್ತದೆ. ಸುಮ್ನೆ ಆಡಿ ನೋಡಬೇಕು ಅಂದರೆ ಡ್ರಾಯರಿನಲ್ಲಿ ಬಿದ್ದಿರುವ ಹಳೇ ಯುವಿ ಫಿಲ್ಟರಿಗೆ ಅಂಚಿನಲ್ಲಿ ತೆಳ್ಳಗೆ ವ್ಯಾಸಲೀನ್ ಸವರಿ. ಫಿಲ್ಟರಿಗೆ ಮಾತ್ರ, ಲೆನ್ಸಿಗಲ್ಲ! ಸ್ಟಾರ್ ಫಿಲ್ಟರ್ ಬೇಡವೇ ಬೇಡ. ಅಪರ್ಚರನ್ನು ಎಫ್16ಕ್ಕೆ ಇಳಿಸಿದರೆ ಬೀದಿದೀಪಕ್ಕೆ ತಾನಾಗೇ ಕಿರಣ ಮೂಡುತ್ತದೆ.

ಹಳದಿ, ಕಿತ್ತಳೆ, ಕೆಂಪು ಫಿಲ್ಟರ್?

ಕಪ್ಪು-ಬಿಳುಪು ಫಿಲ್ಮ್ ಹಾಕುವವರಿಗೆ ಮಾತ್ರ. ಹಳದಿ ಮೋಡವನ್ನು ಸ್ವಲ್ಪ ಎತ್ತಿ ತೋರಿಸುತ್ತದೆ, ಕೆಂಪು ನೀಲಿ ಆಕಾಶವನ್ನು ಹೆಚ್ಚುಕಮ್ಮಿ ಕಪ್ಪು ಮಾಡುತ್ತದೆ. ಡಿಜಿಟಲ್‌ನಲ್ಲಿ ಇದೆಲ್ಲ ಆಮೇಲೆ ಮಾಡುವ ಕೆಲಸ.

ಎನ್‌ಡಿ1000 ಹಾಕಿ ಗ್ರಹಣ ತೆಗೆಯಬಹುದಾ?

ಬೇಡ. ಇದರಲ್ಲಿ ತಮಾಷೆ ಇಲ್ಲ. ಎನ್‌ಡಿ1000 ಕಣ್ಣಿಗೆ ಕಾಣುವ ಬೆಳಕನ್ನು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಸೂರ್ಯನಿಗೆಂದೇ ಮಾಡಿದ ಫಿಲ್ಟರ್ ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುತ್ತದೆ, ಅತಿಗೆಂಪು, ಅತಿನೇರಳೆ ಎರಡನ್ನೂ ತಡೆಯುತ್ತದೆ. ಮಾಮೂಲಿ ಎನ್‌ಡಿ ಹಾಕಿ ಡಿಎಸ್‌ಎಲ್‌ಆರ್ ವ್ಯೂಫೈಂಡರ್‌ನಲ್ಲಿ ಸೂರ್ಯನನ್ನು ನೋಡಿದರೆ ಕಣ್ಣೇ ಹೋಗಬಹುದು. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ, ಬೆಂಗಳೂರಿನಲ್ಲಿ ಪಾರ್ಶ್ವ ಗ್ರಹಣ ಕಂಡಿತ್ತಲ್ಲ, ಅಂಥದ್ದಕ್ಕೆ ಲೆನ್ಸ್ ಮುಂದೆ ಸೋಲಾರ್ ಫಿಲ್ಟರೇ ಇರಬೇಕು.

ನನ್ನ ಹತ್ತಿರ ಇರೋದು ಮೊಬೈಲ್ ಮಾತ್ರ.

ಪೋಲರೈಸ್ಡ್ ತಂಪು ಕನ್ನಡಕ ಇದೆಯಾ? ಅದರ ಒಂದು ಗಾಜನ್ನು ಮೊಬೈಲ್ ಲೆನ್ಸಿಗೆ ಒತ್ತಿ ಹಿಡಿದು ತಿರುಗಿಸಿ. ಬಣ್ಣ ಸ್ವಲ್ಪ ಬದಲಾಗುತ್ತದೆ, ಆದರೆ ನೀರಿನ ಹೊಳಪು ಹೋಗುತ್ತದೆ.

ಐನೂರು ರೂಪಾಯಿಯದಕ್ಕೂ ಐದು ಸಾವಿರದ್ದಕ್ಕೂ ವ್ಯತ್ಯಾಸ ಇದೆಯಾ?

ಇದೆ, ಕೋಟಿಂಗ್‌ನಲ್ಲಿ. ಕೋಟಿಂಗ್ ಇಲ್ಲದ ಗಾಜಿನ ಪ್ರತಿ ಮೈಯಿಂದ ಸುಮಾರು 4% ಬೆಳಕು ಚಿಮ್ಮಿ ಹೋಗುತ್ತದೆ, ಎರಡೂ ಕಡೆ ಸೇರಿ 8%. ಒಳ್ಳೆಯ ಮಲ್ಟಿ-ಕೋಟಿಂಗ್‌ನಲ್ಲಿ ಮೈಗೆ ಅರ್ಧ ಪರ್ಸೆಂಟ್‌ಗಿಂತ ಕಡಿಮೆ. ಅಂಗಡಿಯಲ್ಲಿ ಫಿಲ್ಟರನ್ನು ಟ್ಯೂಬ್‌ಲೈಟ್ ಕೆಳಗೆ ಓರೆ ಹಿಡಿಯಿರಿ. ಟ್ಯೂಬ್ ಬೆಳ್ಳಗೆ ಥಳಥಳ ಕಂಡರೆ ಬರೀ ಗಾಜು. ಮಂದವಾಗಿ, ಹಸಿರೋ ನೇರಳೆಯೋ ಕಂಡರೆ ಕೋಟಿಂಗ್ ಇದೆ. ಹೋಯಾ, ಬಿ+ಡಬ್ಲ್ಯೂ, ನಿಸಿಯಂಥ ಹೆಸರುಗಳಿಗೆ ನಕಲಿಯೂ ಬರುತ್ತದೆ, ಬಿಲ್ ಕೊಡುವ ಕಡೆ ಕೊಳ್ಳಿ.

ಒರೆಸುವುದು ಹೇಗೆ?

ಮೊದಲು ಬ್ಲೋವರ್, ಆಮೇಲೆ ಬಟ್ಟೆ. ಈ ಕ್ರಮ ತಪ್ಪಬಾರದು. ನಮ್ಮ ರಸ್ತೆ ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಹಾಗೇ ಉಜ್ಜಿದರೆ ಗೀರು ಗ್ಯಾರಂಟಿ. ಅಂಗಿಯ ತುದಿ, ಸೆರಗು, ಟಿಶ್ಯೂ ಬೇಡ. ಮೈಕ್ರೊಫೈಬರ್ ಬಟ್ಟೆಗೆ ಒಂದು ಹನಿ ಲೆನ್ಸ್ ಲಿಕ್ವಿಡ್ ಹಾಕಿ ಮಧ್ಯದಿಂದ ಅಂಚಿಗೆ ಒರೆಸಿ. ಮಳೆಯಲ್ಲಿ ನೆನೆದ ಫಿಲ್ಟರನ್ನು ಒಣಗಿಸದೆ ಡಬ್ಬಿಗೆ ಹಾಕಬೇಡಿ, ಫಂಗಸ್ ಹಿಡಿಯುತ್ತದೆ. ಡಬ್ಬಿಯಲ್ಲೊಂದು ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಫಿಲ್ಟರ್ ಲೆನ್ಸಿಗೆ ಕಚ್ಚಿಕೊಂಡು ಬಿಟ್ಟಿದೆ, ಬಿಚ್ಚೋಕೆ ಆಗ್ತಿಲ್ಲ!

ಜೋರಾಗಿ ಹಿಂಡಬೇಡಿ. ಹಿಂಡಿದಷ್ಟೂ ರಿಂಗ್ ಮೊಟ್ಟೆಯಾಕಾರಕ್ಕೆ ತಿರುಗಿ ಇನ್ನಷ್ಟು ಬಿಗಿಯುತ್ತದೆ. ತರಕಾರಿ ಕಟ್ಟಿಗೆ ಸುತ್ತಿ ಬರುತ್ತದಲ್ಲ, ಆ ಅಗಲ ರಬ್ಬರ್ ಬ್ಯಾಂಡನ್ನು ಅಂಚಿಗೆ ಸುತ್ತಿ, ಬೆರಳುಗಳನ್ನೆಲ್ಲ ಸುತ್ತಲೂ ಸಮನಾಗಿ ಇಟ್ಟು ಹಗುರಾಗಿ ತಿರುಗಿಸಿ. ಸಿಪಿಎಲ್ ಆದರೆ ಮುಂದಿನ ರಿಂಗ್ ಸುಮ್ಮನೆ ಸುತ್ತುತ್ತಿರುತ್ತದೆ, ಹಿಂದಿನ ತೆಳು ರಿಂಗಿಗೇ ಹಿಡಿತ ಸಿಗಬೇಕು. ಆಗದಿದ್ದರೆ ಪ್ಲಾಸ್ಟಿಕ್ ಫಿಲ್ಟರ್ ರೆಂಚ್ ಸಿಗುತ್ತದೆ, ಹೆಚ್ಚು ದುಡ್ಡಲ್ಲ. ಬಿದ್ದು ರಿಂಗ್ ನೆಗ್ಗಿದ್ದರೆ ಮಾತ್ರ ಮನೆಯಲ್ಲಿ ಇಕ್ಕಳ ಹಾಕಲು ಹೋಗದೆ, ಕ್ಯಾಮೆರಾ ರಿಪೇರಿಯವರ ಕೈಗೆ ಕೊಡಿ.